ಅನುಭವ: ಇಲ್ಲ

ಚಿತ್ರದುರ್ಗದ ನಮ್ಮ ಆಫೀಸಿಗೆ ಕೆಲಸ ಕೇಳಿಕೊಂಡು ಬರುವವರ ರೆಸ್ಯೂಮ್‌ಗಳು ಈಗ ಮೊದಲು ನನ್ನ ಮೇಜಿಗೇ ಬರುತ್ತವೆ. 'ಅನುಭವ' ಅನ್ನುವ ಕಡೆ 'ಇಲ್ಲ' ಅಂತ ಕಂಡರೆ ಸಾಕು, ನನ್ನ ಕಿವಿ ಬಿಸಿಯಾಗುತ್ತದೆ. ಬರೆದವರ ತಪ್ಪೇನಲ್ಲ. ಆ 'ಇಲ್ಲ'ವನ್ನು ನಾನೇ ಒಬ್ಬ ಹೆಂಗಸಿನ ಹಾಳೆಯ ಮೇಲೆ ಹೊಡೆದುಕೊಟ್ಟಿದ್ದೆ.

ಆಗ ನಾನು ಬಿ.ಕಾಂ. ಮುಗಿಸಿ, ಹೊಸದುರ್ಗದ ಬಸ್ ಸ್ಟ್ಯಾಂಡ್ ಎದುರಿಗಿದ್ದ ಮಾವನ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದೆ. ಮಾವ ಸಂಬಳ ಅಂತ ಕೊಡುತ್ತಿರಲಿಲ್ಲ. ಸೋದರಳಿಯನಿಗೆ ಎಂಥ ಸಂಬಳ? ಮಧ್ಯಾಹ್ನ ಅವರ ಮನೆಯಲ್ಲಿ ಊಟ, ಹಬ್ಬಕ್ಕೊಂದು ಜೊತೆ ಬಟ್ಟೆ, ಅಷ್ಟೇ. ಆದರೆ ಕಂಪ್ಯೂಟರ್ ಮುಟ್ಟುವವನು ನಾನೊಬ್ಬನೇ ಆದ್ದರಿಂದ ನನಗೆ ಕೊಂಬು ಬಂದಿತ್ತು. ಶ್ರೀರಾಂಪುರದ ಕಡೆಯಿಂದ ಬಸ್ಸಿಳಿದು ಬರುತ್ತಿದ್ದವರು ನನ್ನಪ್ಪನ ವಯಸ್ಸಿನವರಾದರೂ "ಸರ್" ಅನ್ನುತ್ತಿದ್ದರು. ನಾನು ಅನ್ನಿಸಿಕೊಳ್ಳುತ್ತಿದ್ದೆ.

ರೆಸ್ಯೂಮ್ ಮಾಡುವುದರಲ್ಲಿ ನನ್ನದು ಎತ್ತಿದ ಕೈ ಅಂತ ಬೇರೆ ಹೇಳಿಕೊಳ್ಳುತ್ತಿದ್ದೆ. ಗುಟ್ಟು ಇಷ್ಟೇ: ಇದ್ದದ್ದು ಒಂದೇ ಫೈಲು, ಯಾವನೋ ಡಿಪ್ಲೊಮಾ ಹುಡುಗನದು. ಬಂದವರ ಹೆಸರು, ಊರು, ಓದು ಬದಲಾಯಿಸಿ ಪ್ರಿಂಟ್ ಕೊಡುವುದು. ಕೆಳಗಿನ ಸಾಲುಗಳು ಎಲ್ಲರಿಗೂ ಅವೇ. ಎಲ್ಲರೂ ಶ್ರಮಜೀವಿಗಳು, ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಎಲ್ಲರ ಹವ್ಯಾಸವೂ ಕ್ರಿಕೆಟ್. ಐದು ನಿಮಿಷದ ಕೆಲಸ.

ನನ್ನದನ್ನು ಮಾತ್ರ ಮೂರು ದಿನ ಕೂತು ತಿದ್ದಿದ್ದೆ. ಅನುಭವದ ಕಡೆ 'ಕಂಪ್ಯೂಟರ್ ಕೆಲಸ ಮತ್ತು ಗ್ರಾಹಕ ಸೇವೆ, ಎರಡು ವರ್ಷ' ಅಂತ ದಪ್ಪಕ್ಷರದಲ್ಲಿ ಹಾಕಿ, ಚಿತ್ರದುರ್ಗದ ಈ ಆಫೀಸಿಗೆ ಕಳಿಸಿದ್ದೆ.

ಆ ವಾರವೇ ಆ ಹೆಂಗಸು ಬಂದಳು. ಮತ್ತೋಡಿನ ಕಡೆಯವಳು, ನಲವತ್ತರ ಆಸುಪಾಸು. ಕೈಯಲ್ಲಿ ಎರಡಾಗಿ ಮಡಿಸಿದ ಪೇಪರ್ ತುಂಡು. ಹೊಳಲ್ಕೆರೆ ಕಡೆಯ ಒಂದು ವಸತಿ ಶಾಲೆಗೆ ಅಡುಗೆಯವರು ಬೇಕಾಗಿದ್ದರು, ಅದರ ಜಾಹೀರಾತು.

"ಕೆಲ್ಸ ಸಿಕ್ರೆ ಇರಾಕೆ ಒಂದು ರೂಮೂ ಕೊಡ್ತಾರಂತಪ್ಪ. ನನ್ ಮಗ್ಳನ್ನ ಅದೇ ಶಾಲೆಗೆ ಫೀಸಿಲ್ದಂಗೆ ಸೇರಿಸ್ಕಂತಾರಂತೆ. ಅವ್ಳು ಏಳನೇ ಕ್ಲಾಸು, ನಮ್ಮೂರಾಗೆ ಅದರ ಮುಂದಕ್ಕೆ ಶಾಲೆ ಇಲ್ಲ, ಬಲು ಚುರುಕು ಐತೆ ಕೂಸು," ಅಂದಳು. "ಚೆಂದಾಗಿ ಬರ್ಕೊಡಪ್ಪ."

ಅವಳ ಹಿಂದೆ ಜನ ಸಾಲು ನಿಂತಿದ್ದರು. ನಾನು ಹೆಸರು, ಊರು ಹೊಡೆದು, ತಲೆ ಎತ್ತದೆ ಕೇಳಿದೆ: "ಅನುಭವ ಏನೈತಕ್ಕ?"

"ಮಠದಾಗೆ ದಾಸೋಹಕ್ಕೆ ಹೋಗ್ತೀನಪ್ಪ, ಹದಿನೈದು ವರ್ಷಾತು. ಅಮಾಸೆ ಬಂತಂದ್ರೆ ಅನ್ನ, ಸಾರು ಎಲ್ಲಾ ನಂದೇ ಉಸ್ತುವಾರಿ. ನೀನೂ ಬರ್ತಿಯಲ್ಲ ನಿಮ್ಮವ್ವನ ಜೊತೆ, ನೋಡೀನಿ." ಆಮೇಲೆ ದನಿ ತಗ್ಗಿಸಿದಳು. "ಆದ್ರೆ ಅದು ಸೇವೆ ಅಲ್ವಾ. ಸೇವೆ ಮಾಡಿದ್ದನ್ನ ಬರ್ಕಂಡು ಕೆಲ್ಸ ಕೇಳಬೌದಾ?"

ನಮ್ಮ ಕಡೆ ಹಾಗೇ. ಮಠದಲ್ಲಿ ಪಾತ್ರೆ ತೊಳೆದವರು, ಅನ್ನ ಬಸಿದವರು ಅದನ್ನು ಹೊರಗೆ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಪುಣ್ಯ ಸೋರಿಹೋಗುತ್ತದೆ ಅನ್ನುತ್ತಾರೆ. ಅವಳು ಅಂಥದ್ದನ್ನು ಮಗಳಿಗೋಸ್ಕರ ಸಂಕೋಚಪಟ್ಟು ಕೇಳಿದ್ದಳು. ನಾನು "ಬರೀಬೌದಕ್ಕ" ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಸಂಬಳ ಕೊಟ್ಟಿದ್ರಾ? ಸರ್ಟಿಫಿಕೇಟ್ ಐತಾ?" ಅಂದೆ.

"ಇಲ್ಲಪ್ಪ."

"ಹಂಗಾರೆ ಅದು ಅನುಭವ ಅಲ್ಲ ಕಣಕ್ಕ."

ಟಕಟಕ ಅಂತ ಇಂಗ್ಲಿಷಿನಲ್ಲಿ 'ಇಲ್ಲ' ಅಂತ ಹೊಡೆದೆ. ಮೀಸೆ ಮೂಡುವ ಮುಂಚಿನಿಂದ ಅವಳ ಕೈಸಾರು ಉಂಡವನು ಅವಳಿಗೇ ಸರ್ಟಿಫಿಕೇಟ್ ಕೇಳಿದೆ. ಥೂ, ನನ್ನ ಓದಿಗಿಷ್ಟು! ಅವಳು ಹಾಳೆಯನ್ನು ಕಣ್ಣಿಗೊತ್ತಿಕೊಂಡು, ಮಡಿಸದೆ ಒಂದು ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡು ಹೋದಳು.

ಒಂದು ತಿಂಗಳಿಗೆ ನನಗೆ ಚಿತ್ರದುರ್ಗದಿಂದ ಕರೆ ಬಂತು. ಸಂದರ್ಶನ ಆಯಿತು, ಕೆಲಸವೂ ಆಯಿತು. ಅವ್ವ ಹಿಗ್ಗಿ, ಅಮಾವಾಸ್ಯೆಗೆ ಮಠಕ್ಕೆ ಅಕ್ಕಿ, ಬೆಲ್ಲ ಹೊರಿಸಿಕೊಂಡು ನನ್ನನ್ನು ಕರೆದುಕೊಂಡು ಹೋದಳು. ದಾಸೋಹದ ಪಂಕ್ತಿಯಲ್ಲಿ ಕೂತೆವು. ಸಾರಿನ ಬಕೆಟ್ಟು ಹಿಡಿದು ನನ್ನ ಎಲೆಯ ಮುಂದೆ ಬಗ್ಗಿದವಳು ಅವಳೇ.

"ಇಲ್ಲೇ ಇದ್ದೀಯಲ್ಲಕ್ಕ, ಶಾಲೆ ಕೆಲ್ಸ ಏನಾತು?" ಅಂತ ಕೇಳಿಬಿಟ್ಟೆ.

ಅವಳು ನಕ್ಕಳು. "ಅಯ್ಯೋ, ಅದೊಂದು ಕತೆ. ಅಲ್ಲಿ ಮೇಡಂ ಓದಿ ನಗಾಡಿದ್ರು ಕಣಪ್ಪ. 'ಏನಮ್ಮ, ಕ್ರಿಕೆಟ್ ಆಡ್ತೀಯಂತೆ, ಅಡುಗೆ ಮಾತ್ರ ಎಲ್ಲೂ ಮಾಡಿಲ್ವಂತೆ' ಅಂದ್ರು."

ಬಾಯಲ್ಲಿದ್ದ ತುತ್ತು ನುಂಗಿ ಅಂದೆ: "ಮಠದ ವಿಷ್ಯ ಹೇಳಬೇಕಿತ್ತಕ್ಕ!"

"ಹೆಂಗೆ ಹೇಳ್ಲಿ? ಓದಿದೋನು ಇಲ್ಲ ಅಂತ ಬರ್ದು ಕೊಟ್ಟವ್ನೆ. ನಾನು ಐತೆ ಅಂದ್ರೆ ಸುಳ್ಳು ಹೇಳ್ದಂಗೆ ಆಗಾಕಿಲ್ವಾ? ಸುಮ್ನೆ ಎದ್ದು ಬಂದೆ."

ನಾಚಿಕೆಗೆ ನನ್ನ ತಲೆ ಎಲೆಗೆ ತಾಗುವಷ್ಟು ಬಗ್ಗಿತು. "ತಪ್ಪು ನಂದೇ ಅಕ್ಕ. ನಾಳೆನೇ ಬೇರೆ ಮಾಡ್ಕೊಡ್ತೀನಿ, ನಾನೇ ಬಂದು ಅವ್ರಿಗೆ ಹೇಳ್ತೀನಿ," ಅಂದೆ.

"ಬ್ಯಾಡ ಬಿಡಪ್ಪ, ಬೇರೆ ಯಾರೋ ಸೇರ್ಕಂಡ್ರು. ಮಗ್ಳನ್ನ ನಮ್ಮಣ್ಣನ ಮನ್ಯಾಗೆ ಬಿಟ್ಟೀನಿ, ಹಿರಿಯೂರಾಗೆ. ಅಲ್ಲೇ ಓದ್ಕಂತಾಳೆ." ನಗು ಅಲ್ಲಿಗೆ ನಿಂತಿತ್ತು. "ಶನಿವಾರ ಶನಿವಾರ ಫೋನ್ ಮಾಡಿ ಅಳ್ತಾಳೆ, ಅಷ್ಟೇಯ."

ಎದ್ದು ಓಡಿಹೋಗೋಣ ಅನ್ನಿಸಿತು. ಆದರೆ ದಾಸೋಹದಲ್ಲಿ ಪ್ರಸಾದ ಬಿಟ್ಟು ಏಳುವ ಹಾಗಿಲ್ಲ. ಅನ್ನ ಕಲಸುತ್ತಾ ಕೂತೆ. 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಅಂತ ಅವ್ವ ನನ್ನನ್ನು ಆಗಾಗ ಬೈಯುತ್ತಿದ್ದಳು. ಆ ಮುಕ್ಕಾಲು ನನ್ನಲ್ಲಿ ಇರಲೇ ಇಲ್ಲ. ಆಚೆ ಪಕ್ಕದವರ ಜೊತೆ ಮಾತಿಗಿಳಿದಿದ್ದ ಅವ್ವನಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಅವ್ವ ಈಗ ಇತ್ತ ತಿರುಗಿ, ಬಡಿಸುವವಳಿಗೆ ಹೆಮ್ಮೆಯಿಂದ, "ನಮ್ ಹುಡುಗಂಗೆ ದುರ್ಗದಾಗೆ ಕೆಲ್ಸ ಆತು ಕಣವ್ವ. ಮಾವನ ಅಂಗಡ್ಯಾಗೆ ಎರಡು ವರ್ಷ ಬಿಟ್ಟಿ ಕುಂತಿದ್ದು ದಂಡ ಆಗ್ಲಿಲ್ಲ, ಅದನ್ನೇ ಅನುಭವ ಅಂತ ಹಿಡ್ಕಂಡ್ರಂತೆ," ಅಂದುಬಿಟ್ಟಳು.

ಸಾರಿನ ಬಕೆಟ್ಟು ಹಿಡಿದವಳು ಒಂದು ಗಳಿಗೆ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಳ್ಳೇದಾತಪ್ಪ," ಅಂದಳು. ಬಗ್ಗಿ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿ ಮುಂದಿನವರ ಕಡೆ ಹೋದಳು.