ತೌಡಿಗೆ ಕೊಂಡ ಕೂಸು

ಮೊನ್ನೆ ಸಂಜೆ ಅಳಿಯ ಕೆಲಸ ಮುಗಿಸಿ ಬರುವಾಗ ಒಂದು ಪೊಟ್ಟಣ ಕಡ್ಲೆಪುರಿ ತಂದಿದ್ದ. ಇನ್ನೂ ಬೆಚ್ಚಗಿತ್ತು. ಬಾಣಂತಿಗೆ ಪುರಿ ಕೊಡುವ ಹಾಗಿಲ್ಲ, ವಾಯು. ನಾನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಮರಳು ಸಿಕ್ಕಿತು. ಈಗಿನ ಪುರಿಯಲ್ಲಿ ಮರಳು ಸಿಗುವುದು ಅಪರೂಪ, ಮಿಷನ್ನಿನಲ್ಲಿ ಹುರಿಯುತ್ತಾರೆ. ಇದು ಯಾರೋ ಭಟ್ಟಿಯಲ್ಲಿ ಹುರಿದದ್ದು. ಕಾದ ಮರಳಿನ ವಾಸನೆ, ಅದರ ಹಿಂದೆ ಸ್ವಲ್ಪ ಸೀದ ಅಕ್ಕಿಯ ವಾಸನೆ... ಎದ್ದು ಹೋಗಿ ಉಗುಳಬೇಕಾದವಳು ಹಾಗೇ ಕುಳಿತುಬಿಟ್ಟೆ. ಒಳಗೆ ಮಗಳ ಕೂಸು ಅಳುತ್ತಿತ್ತು. ಮಗಳು ಅಳುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು.

ಮಗಳ ಬಾಣಂತನಕ್ಕೆಂದು ನಾನೀಗ ಬಂದಿರುವ ಇದೇ ಚಾಮರಾಜನಗರದಲ್ಲಿ, ಈ ಮಗಳು ಹುಟ್ಟಿದಾಗ, ನಮ್ಮ ಪಕ್ಕದ ಮನೆಯಲ್ಲಿ ಪುರಿ ಹುರಿಯುವ ಹೆಂಗಸೊಬ್ಬಳಿದ್ದಳು. ಬೀದಿಗೆಲ್ಲ ಅವಳು ಪುರಿ ಅಕ್ಕ. ನಾನೂ ಹಾಗೇ ಕರೆದೆ. ಇಷ್ಟು ವರ್ಷ ಅವಳ ನೆನಪು ಬರಲಿಲ್ಲ ಎಂದರೆ ಸುಳ್ಳು. ಬರುತ್ತಿತ್ತು, ಹೋಗುತ್ತಿತ್ತು. ಮೊನ್ನೆ ಬಂದದ್ದು ಹೋಗಲಿಲ್ಲ.

ಇಸವಿ ನನಗೆ ನೆನಪಿಲ್ಲ. ಚಾಮರಾಜನಗರ ಆಗ ಇನ್ನೂ ಮೈಸೂರು ಜಿಲ್ಲೆಗೇ ಸೇರಿತ್ತು. ನಮ್ಮ ಯಜಮಾನರು ತರಕಾರಿ ಲಾರಿ ಓಡಿಸುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಲೋಡು ಮಾಡಿಕೊಂಡು ಘಾಟಿ ಇಳಿದು ಕೇರಳಕ್ಕೆ ಹೋದರೆ ಯಾವಾಗ ಬರುತ್ತಾರೋ ಅವರಿಗೇ ಗೊತ್ತಿರುತ್ತಿರಲಿಲ್ಲ. ನಮ್ಮದು ಭೀಮನಬೀಡು. ಅಲ್ಲಿಯ ಮನೆಯಲ್ಲಿ ನನಗೆ ಎರಡು ಕೂಸು ಹುಟ್ಟಿ ಎರಡೂ ಹೋಗಿದ್ದವು. ಒಂದೂ ತಿಂಗಳು ತುಂಬಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಶಾಸ್ತ್ರ ಹೇಳುವವನು, ಈ ಮನೆಯಲ್ಲಿ ಹೆರಬಾರದು, ಬೇರೆ ನೀರು ಕುಡಿದು ಹೆರಬೇಕು ಎಂದ. ನನ್ನ ಅವ್ವ ತೀರಿಹೋಗಿದ್ದಳು, ತವರು ಎನ್ನುವುದು ಹೆಸರಿಗಷ್ಟೇ. ಹಾಗಾಗಿ ಲಾರಿಯ ಓನರ್ ಇದ್ದ ಈ ಚಾಮರಾಜನಗರದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದರು. ಬಾಣಂತನಕ್ಕೆ ನನ್ನ ಅತ್ತೆ ಊರಿಂದ ಬಂದಳು.

ಆ ಕೋಣೆಗೂ ಪುರಿ ಭಟ್ಟಿಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಭಟ್ಟಿ ಹತ್ತಿಸಿದರೆ ಗೋಡೆ ಬಿಸಿಯಾಗುತ್ತಿತ್ತು. ಬಾಣಂತಿಗೆ ಬಿಸಿ ಒಳ್ಳೆಯದೆಂದು ಅತ್ತೆ ನನ್ನ ಚಾಪೆಯನ್ನು ಆ ಗೋಡೆಗೇ ಒತ್ತಿ ಹಾಸಿದ್ದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿದ ಹಳೇ ಸೀರೆ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ. ನೀರು ಕೇಳಿದರೆ ಒಂದು ಗುಟುಕು, ಅದೂ ಕಾದದ್ದು. ಹೊರಗೆ ನಲ್ಲಿಯ ಹತ್ತಿರ ಬಿಂದಿಗೆಗಳ ಜಗಳ, ಸೈಕಲ್ ಗಂಟೆ, ಪಕ್ಕದಲ್ಲಿ ಬಾಣಲೆಗೆ ಜಾಲರಿ ಉಜ್ಜುವ ಸದ್ದು. ಕೂಸು ಅತ್ತರೆ ಎದ್ದು ಹಾಲು ಕೊಡುತ್ತಿದ್ದೆ. ಕೊಡುವಾಗ ಅದರ ಮುಖ ನೋಡುತ್ತಿರಲಿಲ್ಲ. ಹೆರುವುದು ಗೊತ್ತಿತ್ತು, ಮಣ್ಣು ಮಾಡುವುದು ಗೊತ್ತಿತ್ತು. ಅವೆರಡರ ನಡುವೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಮುಖ ನೋಡಿದರೆ ತಾನೇ ಆಮೇಲೆ ಕಷ್ಟ? ಎಷ್ಟು ಸುಸ್ತಾಗಿತ್ತೆಂದರೆ, ಹೆದರುವುದಕ್ಕೂ ಮೈಯಲ್ಲಿ ಶಕ್ತಿ ಇರಲಿಲ್ಲ...

ಪುರುಡು ಕಳೆದ ದಿನ ಅತ್ತೆ ಕೂಸನ್ನು ಮಾರಬೇಕು ಎಂದಳು. ನಮ್ಮ ಕಡೆ ಇದು ಉಂಟು. ಹುಟ್ಟಿದ್ದೆಲ್ಲ ಹೋಗುವ ಮನೆಯಲ್ಲಿ ಕೂಸನ್ನು ಮೊರದಲ್ಲಿ ಮಲಗಿಸಿ, ಒಂದು ಮಗುವನ್ನೂ ಕಳೆದುಕೊಳ್ಳದ ಹೆಂಗಸಿಗೆ ತೌಡಿಗೆ ಮಾರಿಬಿಡುವುದು. ಇದು ಈ ಮನೆಯದಲ್ಲ, ಬೇರೆಯವರದು ಎಂದು ಸಾವಿಗೆ ದಾರಿ ತಪ್ಪಲಿ ಅಂತ. ಕೂಸು ಗಟ್ಟಿಯಾದ ಮೇಲೆ ಮತ್ತೆ ತೌಡು ಕೊಟ್ಟು ಕೊಂಡುಕೊಳ್ಳುವುದು. ನಮ್ಮ ಬೀದಿಯಲ್ಲಿ ಅಂಥ ಹೆಂಗಸು ಪುರಿ ಅಕ್ಕ ಒಬ್ಬಳೇ. ಹೆತ್ತವೆಲ್ಲ ಉಳಿದಿದ್ದವು. ಎಲ್ಲವೂ ಅವಳ ಹಾಗೇ ದೊಡ್ಡ ಗಂಟಲಿನವು.

ಮೊರದಲ್ಲಿ ತೌಡು ಹಿಡಿದುಕೊಂಡು ಬಂದಳು. ರೆಪ್ಪೆಯ ಮೇಲೆಲ್ಲ ಬೂದಿ. ಬಾಗಿಲಲ್ಲೇ ನಿಂತು, "ಯಾನ ಮಾರ್ತಿದ್ದೀರವ್ವ?" ಎಂದಳು.

"ಕೂಸು ಮಾರ್ತೀವಿ," ಅಂದಳು ಅತ್ತೆ.

"ಎಲ್ಲಿ, ತೋರ್ಸಿ. ಅಯ್ಯೋ, ಇದಾ? ಇಲಿಮರಿ ಇದ್ದಂಗದೆ. ಮೂಗು ನೋಡು, ಯಾರೋ ತುಳುದಂಗದೆ. ಇದುಕ್ಕೆ ಒಂದು ಮೊರ ತೌಡಾ? ಎಮ್ಮೆಗಾದ್ರೂ ಆಕಿದ್ರೆ ಹಾಲು ಬತ್ತಿತ್ತು."

ಹಾಗೆ ಹಳಿಯಬೇಕು, ಅದು ಶಾಸ್ತ್ರ. ಆದರೆ ಅವಳು ಹಳಿದದ್ದು ಕೇಳಿ ನನಗೆ, ಹೆತ್ತ ಮೇಲೆ ಮೊದಲ ಸಲ, ನಗು ಬಂತು. ಬಿಗಿದ ಕಟ್ಟಿನಡಿ ಹೊಟ್ಟೆ ನೋವಾಯಿತು. ಅವಳು ಕೂಸನ್ನೆತ್ತಿಕೊಂಡು ಬೀದಿಗಿಳಿದು, ತಿರುಗಿ ಬಂದು ನನ್ನ ಮಡಿಲಿಗೆ ಹಾಕಿದಳು.

"ತಗ ಅಮ್ಮಿ. ಕೂಸು ನಂದು. ನೀನು ಹಾಲ್ ಕೊಡೋಳು, ಅಷ್ಟೆಯ. ಬಾಕಿದ್ದೆಲ್ಲ ನಂಗ್ ಬುಡು."

ಬೇರೆಯವರಾದರೆ ಶಾಸ್ತ್ರ ಅಲ್ಲಿಗೆ ಮುಗಿಯಿತು ಎಂದು ಮನೆಗೆ ಹೋಗುತ್ತಾರೆ. ಇವಳಿಗೆ ಮುಗಿಯಲೇ ಇಲ್ಲ. ಭಟ್ಟಿಗೆ ಸೌದೆ ತುರುಕಿ ಬರುವಳು, ಕೂಸಿನ ಕಾಲು ಮುಟ್ಟಿ ನೋಡುವಳು, "ನನ್ ಕೂಸ್ಗೆ ಯಾಕೆ ಕಾಲು ತಣ್ಣಗದೆ?" ಎಂದು ಅತ್ತೆಯನ್ನು ಕೇಳುವಳು. ಎಣ್ಣೆ ಹಚ್ಚಿದ್ದು ಕಡಿಮೆ ಅನ್ನುವಳು. ಅತ್ತೆ ಮೊದಲು ನಕ್ಕಳು, ಆಮೇಲೆ ಮುಖ ಗಂಟು ಹಾಕಿದಳು. "ಆಟುಕ್ಕೆ ಮಾರಿದ್ನ ಇವ್ಳು ನಿಜ್ವಾಗ್ಲೂ ಕೊಂಡ್ಕಂಡವ್ಳೆ ಕಣಮ್ಮಿ," ಎಂದು ನನ್ನ ಹತ್ತಿರ ಗೊಣಗುವಳು. ನನಗೆ ಮಾತ್ರ ಒಂದು ರೀತಿಯ ಹಗುರ. ಕೂಸು ಉಳಿದರೂ ಅವಳದು, ಹೋದರೂ ಅವಳದು. ಹಾಲು ಕೊಡುವುದಷ್ಟೇ ನನ್ನ ಕೆಲಸ. ಹಾಗೆಂದುಕೊಂಡ ಮೇಲೆ ನನಗೆ ನಿದ್ದೆ ಬರತೊಡಗಿತು. ಹಾಲು ಕೊಡುವಾಗ ಒಂದು ದಿನ ಮುಖವನ್ನೂ ನೋಡಿದೆ. ಮೂಗು ಅವಳು ಹೇಳಿದಷ್ಟು ಕೆಟ್ಟದಾಗಿರಲಿಲ್ಲ.

ನೋಡಿದ್ದೇ ತಪ್ಪಾಯಿತೋ ಏನೋ. ಅದಾದ ಕೆಲವೇ ದಿನಕ್ಕೆ ಕೂಸು ಹಾಲು ಬಿಟ್ಟಿತು. ಬಾಯಿಗಿಟ್ಟರೆ ತುಟಿ ಆಡಿಸುವುದಿಲ್ಲ. ಮೈ ಕಾದಿತ್ತು, ಅಳು ಬೆಕ್ಕಿನ ಮರಿಯ ಹಾಗೆ ಸಣ್ಣಗಾಗಿತ್ತು. ಆ ಅಳು ನನಗೆ ಗೊತ್ತಿತ್ತು. ಹಿಂದಿನವೂ ಹೀಗೇ ಅತ್ತಿದ್ದವು. ಅತ್ತೆಗೂ ಗೊತ್ತಾಯಿತು. "ಗಾಳಿ ಬಡುದದೆ. ಹರದನಹಳ್ಳಿಲಿ ಬರೆ ಹಾಕೋರು ಅವ್ರೆ, ಯೋಳಿ ಕಳ್ಸುದ್ರೆ ಬತ್ತರೆ," ಎಂದಳು. ಎರಡನೆಯ ಕೂಸಿಗೂ ಹೊಟ್ಟೆಯ ಮೇಲೆ ಬರೆ ಹಾಕಿಸಿದ್ದರು. ಬಿಸಿ ಕಡ್ಡಿ ತಾಗಿದಾಗ ಅದು ಅಳಲೂ ಇಲ್ಲ...

ನಾನು ಬೇಡ ಎನ್ನಲಿಲ್ಲ. ನನ್ನ ಬಾಯಿಂದ ಬೇಡ ಎನ್ನುವ ಮಾತು ಆ ಮನೆಯಲ್ಲಿ ಯಾವತ್ತೂ ಬಂದಿರಲಿಲ್ಲ, ಅವತ್ತೂ ಬರಲಿಲ್ಲ. ಗೋಡೆಗೆ ಮುಖ ಮಾಡಿ ಕುಳಿತೆ.

ಅವತ್ತು ಸಂತೆಮರಹಳ್ಳಿ ಸಂತೆ. ಪುರಿ ಅಕ್ಕ ಮೂಟೆಗಳನ್ನೆಲ್ಲ ಬೀದಿಗೆ ತಂದಿಟ್ಟು ಬಸ್ಸಿಗೆ ಹೊರಟಿದ್ದಳು. ಹೋಗುವ ಮುಂಚೆ ರೂಢಿಯಂತೆ ಕೂಸಿನ ಕಾಲು ಮುಟ್ಟಲು ಒಳಗೆ ಬಂದಳು. ಮುಟ್ಟಿ ಕೈ ತೆಗೆಯಲಿಲ್ಲ.

"ಯಾವಾಗ್ನಿಂದ ಹಿಂಗೆ?"

ಅತ್ತೆ, "ಬರೆ ಹಾಕೋರ್ಗೆ ಯೋಳಿ ಕಳ್ಸಿವ್ನಿ. ನೀನು ಸಂತೆಗೆ ಓಗವ್ವ," ಎಂದಳು.

"ಯಾರ್ ಕೂಸ್ಗೆ ಯಾರು ಬರೆ ಆಕ್ಸೋದು?"

"ಲೇ, ನಿನ್ ಮಕ್ಳಿಗೆ ನೀನ್ ಆಕ್ಸಿಲ್ವಾ?"

"ಆಕ್ಸಿವ್ನಿ. ಎಲ್ಲಕ್ಕೂ ಆಕ್ಸಿವ್ನಿ. ಅವು ನಾನ್ ಹೆತ್ತವು, ಸುಡ್ತೀನಿ, ತುಳೀತೀನಿ, ನನ್ನಿಷ್ಟ. ಇದು ಕೊಂಡ್ಕಂಡಿರೋದು. ಕೊಂಡ್ಕಂಡ್ ಬಂದಿದ್ನ ಯಾರಾದ್ರೂ ಸುಡ್ತಾರಾ?"

"ಅದು ಶಾಸ್ತ್ರುಕ್ಕೆ ಕಣೇ ಮಾರಿದ್ದು!"

"ಹಂಗಾರೆ ಶಾಸ್ತ್ರ ಸುಳ್ಳು ಅನ್ನು. ಬೀದಿಲಿ ನಿಂತ್ಕಂಡು ಗಟ್ಟಿಯಾಗಿ ಅನ್ನು, ಸಾವು ಕೇಳುಸ್ಕಳ್ಳಿ."

ಅತ್ತೆ ತಾನೇ ಮಾಡಿಸಿದ ಶಾಸ್ತ್ರ, ಸುಳ್ಳು ಎನ್ನುವ ಹಾಗಿರಲಿಲ್ಲ. ಹಾಗಂದುಬಿಟ್ಟರೆ ಕೂಸು ನಮ್ಮದಾಗಿಬಿಡುತ್ತದೆ. ನಮ್ಮದಾದರೆ ಏನಾಗುತ್ತದೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬಾಣಂತಿ ಇಷ್ಟು ಬೇಗ ಹೊಸಿಲು ದಾಟಬಾರದು ಎಂದು ಮಾತ್ರ ಮೆಲ್ಲಗೆ ಹೇಳಿದಳು. "ಅವ್ಳು ಬಾಣಂತಿ ಅಲ್ಲ, ನನ್ ಹಾಲಿನ್ ಆಳು. ಏಳಮ್ಮಿ ಮ್ಯಾಕ್ಕೆ," ಎಂದಳು ಪುರಿ ಅಕ್ಕ.

ಮೂಟೆಗಳು ಬೀದಿಯಲ್ಲೇ ಉಳಿದವು. ಅವಳ ಗಂಡ ಬಸ್ಸು ಬಂತು ಬಸ್ಸು ಬಂತು ಎಂದು ಕೂಗುತ್ತಿದ್ದ. "ನೀನೇ ಓಗಿ ಮಾರ್ಕಂಡ್ ಬಾ, ಇಲ್ದಿದ್ರೆ ನೀನೇ ತಿನ್ನು," ಎಂದು ತಿರುಗಿಯೂ ನೋಡದೆ ನಡೆದಳು. ಕೂಸು ಅವಳ ಸೆರಗಿನೊಳಗೆ. ನಾನು ಹೊಟ್ಟೆ ಹಿಡಿದುಕೊಂಡು ಹಿಂದೆ. ಬಿಸಿಲು ಕಂಡು ಎಷ್ಟೋ ದಿನವಾಗಿ ಕಣ್ಣು ಬಿಡಲಾಗುತ್ತಿರಲಿಲ್ಲ, ಅವಳ ಹಿಮ್ಮಡಿಯ ಬೂದಿ ನೋಡಿಕೊಂಡೇ ನಡೆದೆ.

ದೊಡ್ಡಾಸ್ಪತ್ರೆಯಲ್ಲಿ ನರ್ಸು, "ಇದರ ತಾಯಿ ಯಾರು?" ಎಂದು ಕೇಳಿದರು.

"ನಾನೆಯ," ಎಂದಳು ಪುರಿ ಅಕ್ಕ.

ನರ್ಸು ಅವಳ ನರೆತ ತಲೆ ನೋಡಿ, "ಏನಜ್ಜಿ, ಈ ವಯಸ್ಸಲ್ಲಿ? ಎಲ್ಲಿ, ಹಾಲು ಕುಡಿಸು ನೋಡೋಣ," ಎಂದರು.

"ಅದುಕ್ಕೇ ಇವ್ಳ ಕರ್ಕಂಡ್ ಬಂದಿವ್ನಿ, ತಾಯಿ," ಎಂದು ನನ್ನನ್ನು ಮುಂದಕ್ಕೆ ನೂಕಿದಳು. ನರ್ಸಿಗೆ ನಗು ತಡೆಯಲಾಗಲಿಲ್ಲ. ಕೂಸಿನ ಬಟ್ಟೆ ಬಿಚ್ಚಿದ ಮೇಲೆ ಮಾತ್ರ ನಗು ನಿಂತಿತು. ಹೊಕ್ಕುಳು ಕೀವಾಗಿತ್ತು. ಬೇಗ ಒಣಗಲೆಂದು ಅತ್ತೆ ದಿನಾ ಒಲೆ ಬೂದಿ ಹಾಕುತ್ತಿದ್ದಳು. ನಮ್ಮಲ್ಲಿ ಎಲ್ಲರೂ ಹಾಕುತ್ತಿದ್ದದ್ದು ಅದನ್ನೇ. ನಂಜು ಮೈಗೆಲ್ಲ ಏರಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳುವುದಕ್ಕಾಗುತ್ತಿರಲಿಲ್ಲ ಎಂದರು ಡಾಕ್ಟರು.

ಅಲ್ಲೇ ಇರಿಸಿಕೊಂಡು ಇಂಜೆಕ್ಷನ್ ಕೊಟ್ಟರು. ಪುರಿ ಅಕ್ಕ ದಿನಾ ಭಟ್ಟಿ ಕೆಲಸ ಮುಗಿಸಿ ಬರುತ್ತಿದ್ದಳು. ಬಂದವಳು ನನ್ನನ್ನು ಮಂಚದ ಒಂದು ತುದಿಗೆ ತಳ್ಳಿ, "ಮನಿಕ್ಕ ನೀನು, ಸತ್ತೋಳಂಗೆ ಕಾಣ್ತಿದ್ದೀಯೆ," ಎಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳುವಳು. ಬೇಕಾದಷ್ಟು ನೀರು ಕುಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಅದನ್ನು ಕೇಳಿ ಮೂಗು ಮುರಿದರೂ ಚೊಂಬು ತುಂಬಿಸಿಕೊಡುವಳು. ಆ ನೀರಿನ ರುಚಿ ಹೇಗಿತ್ತೆಂದರೆ... ಇರಲಿ. ಒಂದು ಮಧ್ಯಾಹ್ನ ಕೂಸು ಬಾಯಿ ಹಾಕಿ ಎಳೆಯಿತು. ನೋವಾಗುವ ಹಾಗೆ ಎಳೆಯಿತು. ನಾನು ಅವಳ ಕಡೆ ನೋಡಿದೆ. "ಯಾನ ನನ್ ಮುಕ ನೋಡ್ತೀಯೆ, ಕೂಸ್ ನೋಡು," ಎಂದು ಬೈದು ಸೆರಗಿನಿಂದ ಮೂಗು ಒರೆಸಿಕೊಂಡಳು. ಹೊಗೆಗೆ ಅವಳ ಮೂಗು ಸದಾ ಸೋರುತ್ತಿತ್ತು, ಅವತ್ತೂ ಅದೇ ಇರಬೇಕು.

ಮನೆಗೆ ಬಂದ ಮೇಲೆ ಅತ್ತೆ ಬೂದಿಯ ಮಾತನ್ನೂ ಎತ್ತಲಿಲ್ಲ, ಬರೆಯ ಮಾತನ್ನೂ ಎತ್ತಲಿಲ್ಲ. ಕೂಸು ಮೈ ಹಿಡಿಯಿತು. ಯಜಮಾನರು ಗುಂಡ್ಲುಪೇಟೆಯಲ್ಲೇ ಮನೆ ನೋಡಿದರು. ಹೊರಡುವ ದಿನ ನಾನು ಮೊರದಲ್ಲಿ ತೌಡು ಹಾಕಿಕೊಂಡು ಪುರಿ ಅಕ್ಕನ ಬಾಗಿಲಿಗೆ ಹೋದೆ, ಕೂಸನ್ನು ತಿರುಗಿ ಕೊಂಡುಕೊಳ್ಳಲು. ಅವಳು ಬಾಣಲೆ ಬಿಟ್ಟು ಏಳಲಿಲ್ಲ.

"ಈಗ ಬ್ಯಾಡ ಕಣಮ್ಮಿ. ಹಲ್ಲು ಬರ್ಬೇಕು, ಮೈ ಮ್ಯಾಲೆ ಅಮ್ಮ ಏಳ್ಬೇಕು, ಎಷ್ಟು ಗಂಡಾಂತ್ರ ಅದೆ ಇನ್ನೂವೆ. ನನ್ ಎಸ್ರಲ್ಲೇ ಇರ್ಲಿ. ದೊಡ್ಡೋಳಾದ್ಮೇಲೆ ಬಂದು ಕೊಂಡ್ಕ. ಆಗ ಒಂದು ಮೊರುಕ್ಕೆಲ್ಲ ಕೊಡಕುಲ್ಲ, ಯೋಳಿವ್ನಿ."

ತೌಡನ್ನು ಅವಳ ಮನೆಯ ಮೇಕೆಗೆ ಸುರಿದು ಬಸ್ಸು ಹತ್ತಿದೆ. ಆಮೇಲೆ ಗುಂಡ್ಲುಪೇಟೆಯಲ್ಲಿ ಇನ್ನೆರಡು ಮಕ್ಕಳಾದವು, ಮನೆ ಆಯಿತು, ಯಜಮಾನರ ಸೊಂಟ ಹೋಯಿತು, ಈ ಮಗಳ ಮದುವೆ ಆಯಿತು. ಕೊಂಡುಕೊಳ್ಳುವುದು ಆಗಲಿಲ್ಲ.

ಪುರಿ ತಿಂದ ಮಾರನೆಯ ದಿನ ಬೆಳಿಗ್ಗೆ, ಕೂಸು ಮಲಗಿದ್ದಾಗ, ಹುಡುಕಿಕೊಂಡು ಆ ಬೀದಿಗೆ ಹೋದೆ. ಭಟ್ಟಿ ಇಲ್ಲ. ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಹಿಂದಿನ ಮನೆಯಲ್ಲಿ ಅವಳ ಸೊಸೆ ಇದ್ದಳು. ತನ್ನ ಅತ್ತೆ ತೀರಿಹೋಗಿ ಆಗಲೇ ಕೆಲವು ವರ್ಷವಾಯಿತು, ಹೊಗೆ ಕುಡಿದು ಕುಡಿದು ಎದೆ ಕೆಟ್ಟಿತ್ತು ಎಂದಳು. ನೀವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳಿದಳು. ಗುಂಡ್ಲುಪೇಟೆ ಎಂದೆ.

"ನಮ್ಮತ್ತೆನೂ ಕಡೇಲಿ ಅದೇ ಊರ್ ಯೋಳ್ತಿದ್ರು. ಗುಂಡ್ಲುಪೇಟೆಲಿ ನನ್ ಮಗಳೊಬ್ಳವ್ಳೆ, ಕರ್ಸಿ ಕರ್ಸಿ ಅಂತಿದ್ರು. ಅಲ್ಲಿ ನಮ್ಗೆ ಯಾರವ್ರೆ? ವಯಸ್ಸಾಗಿ ಅಳ್ಳಮಳ್ಳ ಆಗದೆ, ಯಾನೋ ಬಡಬಡುಸ್ತವ್ರೆ ಅಂತ ನಾವ್ ಸುಮ್ಕಾದೋ."

"ಅಳ್ಳಮಳ್ಳ ಅಲ್ಲ ಕಣವ್ವ. ದಿಟವೇ," ಎಂದೆ. ಅವಳು ನನ್ನ ಮುಖ ನೋಡಿದಳು. ನಿಂತು ಹೇಳುವ ಶಕ್ತಿ ನನಗಿರಲಿಲ್ಲ. ಕೂಸು ಎದ್ದಿರುತ್ತದೆ ಎಂದು ಹೇಳಿ ಬಂದುಬಿಟ್ಟೆ.

ಹೆತ್ತವಳು ಸತ್ತು ಎಷ್ಟು ಕಾಲವಾಗಿದ್ದರೂ, ಸುದ್ದಿ ಕಿವಿಗೆ ಬಿದ್ದ ದಿನ ಮಕ್ಕಳ ತಲೆಯ ಮೇಲೆ ಸೂತಕದ ನೀರು ಬೀಳಬೇಕು. ಕೊಂಡವಳಿಗೂ ಆ ಲೆಕ್ಕ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳೋಣವೆಂದರೆ ಈಗ ಹಿರಿಯರು ಯಾರೂ ಉಳಿದಿಲ್ಲ. ಮನೆಗೆ ಬಂದು ಹಂಡೆಗೆ ಉರಿ ಹಾಕಿದೆ. ಮಗಳನ್ನು ಬಚ್ಚಲಲ್ಲಿ ಕೂರಿಸಿ ತಲೆಯ ಮೇಲೆ ಬಿಸಿನೀರು ಹುಯ್ದೆ. ಹಿಂದಿನ ದಿನ ತಾನೇ ತಲೆಗೆ ಹುಯ್ದಿದ್ದೆ. ಮತ್ತೆ ಯಾಕೆ ಎಂದು ಕೇಳಿಯಾಳು, ಕೇಳಿದರೆ ಹೇಳೋಣ ಎಂದಿದ್ದೆ. ಅವಳು ಕೇಳಲಿಲ್ಲ. ನೀರು ಬೀಳುತ್ತಿದ್ದ ಹಾಗೇ, ಮೊಣಕಾಲಿಗೆ ಹಣೆ ಕೊಟ್ಟು, ಕುಳಿತಲ್ಲೇ ನಿದ್ದೆ ಹೋಗಿದ್ದಳು.