ಮಾರಾಯ್ರೆ ಬಿಡಿಸಿದ್ದು

ನಾನು ಶಾಲೆ ಬಿಟ್ಟದ್ದು ಐದನೆಯ ಕ್ಲಾಸಿನಲ್ಲಿ. ಪುತ್ತೂರು ಬಸ್‌ಸ್ಟ್ಯಾಂಡಿನ ಎದುರು ಹೋಟೆಲು ಹಾಕಿದ್ದು ಸ್ವಂತ ಕೈಯಿಂದ, ಯಾರ ಹಂಗೂ ಇಲ್ಲದೆ. ಹಾಗಾಗಿ ಸುಳ್ಯದ ಹತ್ತಿರ ಮರ್ಕಂಜದಲ್ಲಿದ್ದ ತಂಗಿ ಬಿ.ಎ. ಮುಗಿಸಿದ ಮಗನನ್ನು ನನ್ನ ಮುಂದೆ ತಂದು ನಿಲ್ಲಿಸಿದಾಗ ನನಗೆ ಆಶ್ಚರ್ಯವಾಗಲಿಲ್ಲ.

"ಅಣ್ಣ, ಮಂಗಳೂರಿನ ಸರ್ಕಾರಿ ಆಫೀಸಲ್ಲಿ ಇವನಿಗೆ ಇಂಟರ್‌ವ್ಯೂ ಉಂಟು. ಕಾಲೇಜಿನವರು ಮಾತಾಡ್ಲಿಕ್ಕೆ ಕಲಿಸ್ಲಿಲ್ಲ. ನೀನೇ ತಿದ್ದು."

ಗಂಡ ಸತ್ತವಳು. ಮಗನ ಗುಮಾಸ್ತಗಿರಿಯೊಂದೇ ಅವಳಿಗೆ ದಾರಿ.

"ಕೂತ್ಕೊ" ಎಂದೆ.

"ಬೇಡ ಮಾವ, ಬಸ್ಸಲ್ಲಿ ಕೂತೇ ಬಂದದ್ದು ಮಾರಾಯ್ರೆ."

ರೋಗ ತಿಳಿಯಿತು: ಮಾತಿನ ಕೊನೆಗೊಂದು "ಮಾರಾಯ್ರೆ". ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆಫೀಸುಗಳಿಗೆ ಘಟ್ಟದ ಮೇಲಿನವರು ಬರತೊಡಗಿದ್ದರು. ನಮ್ಮ ಸಲಿಗೆ ಅವರಿಗೆ ಸೊಕ್ಕಾಗಿ ಕೇಳುತ್ತಿತ್ತು. ಅಂಥ ಒಬ್ಬ ಅಧಿಕಾರಿಗೆ ನನ್ನ ಸಪ್ಲಾಯರ್ "ಇಡ್ಲಿ ಮುಗೀತು ಮಾರಾಯ್ರೆ" ಎಂದದ್ದಕ್ಕೆ, ಅವರು "ಯಾವನೋ ನಿನ್ನ ಮಾರಾಯ?" ಎಂದು ತಟ್ಟೆ ದೂಡಿ ಎದ್ದು ಹೋಗಿದ್ದರು.

ಮರುದಿನದಿಂದ ಅಳಿಯನನ್ನು ಗಲ್ಲಾದ ಎದುರು ನಿಲ್ಲಿಸಿದೆ. ನಾನೇ ಅಧಿಕಾರಿ. ಆ ಮಾತು ಬಾಯಿಂದ ಬಿದ್ದರೆ ಹಿಂದೆ ಬಾವಿಕಟ್ಟೆಗೆ ಹೋಗಿ ಎಂಜಲು ಗ್ಲಾಸು ತೊಳೆಯಬೇಕು. ಗಿರಾಕಿಗಳಿಗೂ ಮೋಜು ಹತ್ತಿತು.

"ಎಂತ ಬಿ.ಎ., ಸುಳ್ಯದಲ್ಲಿ ಮಳೆ ಉಂಟಾ?"

"ಇಲ್ಲ ಸಾರ್... ಮಾರಾಯ್ರೆ."

"ಹೋಯ್ತು! ಬಿ.ಎ. ಬಾವಿಕಟ್ಟೆಗೆ!"

ಇಡೀ ಹೋಟೆಲು ನಗುತ್ತಿತ್ತು. ತಂಗಿ ಒಮ್ಮೆ ಬಂದು ನೋಡಿದಳು. ಮಗನ ಬೆರಳುಗಳು ಗ್ಲಾಸು ತಿಕ್ಕುವ ಬೂದಿಯಲ್ಲಿ ಬಿರಿದಿದ್ದವು. "ಸಾಕು ಅಣ್ಣ" ಎಂದಳು. "ನಿನ್ನ ಮುದ್ದಿನಿಂದಲೇ ಹೀಗಾದದ್ದು" ಎಂದೆ. ಕೊನೆಗೆ ಅವನ ಬಾಯಲ್ಲಿ "ಹೌದು ಸಾರ್", "ಇಲ್ಲ ಸಾರ್" ಎರಡೇ ಉಳಿದವು. ಕಾಲೇಜಿಗೆ ಆಗದ್ದು ನನ್ನಿಂದ ಆಯಿತು.

ಮಂಗಳೂರಿಗೆ ನಾನೇ ಕರೆದುಕೊಂಡು ಹೋದೆ. ಅರೆಬಾಗಿಲಿನ ಹೊರಗೆ ಬೆಂಚಿನಲ್ಲಿ ಕೂತ ನನಗೆ ಒಳಗಿನದೆಲ್ಲ ಕೇಳುತ್ತಿತ್ತು.

"ಮರ್ಕಂಜವಾ?" ಎಂದರು ಅಧಿಕಾರಿ, "ನಾನು ಅಲ್ಲೇ ಹತ್ತಿರ ಕಡಬದವ ಮಾರಾಯ! ನಿಮ್ಮಲ್ಲಿ ಈ ಸಲ ಅಡಿಕೆ ಹೇಗುಂಟು?"

ಸದ್ದಿಲ್ಲ.

"ಹೆದರ್ಬೇಡ ಮಾರಾಯ, ಹೇಳು."

"ಇಲ್ಲ ಸಾರ್."

"ಎಂತ ಇಲ್ಲ? ಅಡಿಕೆ ಇಲ್ವಾ?"

"ಹೌದು ಸಾರ್."

ನನ್ನ ಗಿರಾಕಿಗಳ ಹಾಗೆ ಬಲೆ ಒಡ್ಡುತ್ತಿದ್ದಾರೆಂದೇ ಅವನು ಎಣಿಸಿರಬೇಕು. ಸ್ವಲ್ಪ ಹೊತ್ತಿಗೆ ಆ ಅಧಿಕಾರಿಯ ಸ್ವರ ತಣ್ಣಗಾಯಿತು. "ನಮ್ಮ ಊರಿನವರತ್ರವೇ ಮಾತಾಡ್ಲಿಕ್ಕೆ ಆಗುದಿಲ್ಲ, ಇನ್ನು ಜನರತ್ರ ಎಂತ ಮಾತಾಡ್ತೀ? ಹೋಗು."

ಕುರ್ಚಿಯಲ್ಲಿ ಕೂತು ಹಾಗೆ ಸಲಿಗೆ ತೋರಿಸಿದ್ದು ಅವರ ತಪ್ಪು. ನಾನು ಕಲಿಸಿದ್ದರಲ್ಲಿ ತಪ್ಪಿಲ್ಲ, ಈಗಲೂ ಅದನ್ನೇ ಹೇಳುತ್ತೇನೆ.

ಪುತ್ತೂರಿನಲ್ಲಿ ಬಸ್ಸಿಳಿದಾಗ ತಂಗಿ ಹೋಟೆಲಿನ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಮಗನ ಮುಖ ನೋಡಿ ಎದ್ದು ದಾರಿ ಬಿಟ್ಟಳು. ಒಳಗಿನಿಂದ ಒಬ್ಬ ಗಿರಾಕಿ ಕೂಗಿದ:

"ಎಂತಾಯ್ತು ಮಾರಾಯ, ಕೆಲಸ ಸಿಕ್ಕಿತಾ?"

ಹುಡುಗ ಇಂಟರ್‌ವ್ಯೂಗೆಂದು ಹೊಲಿಸಿದ ಶರ್ಟಿನ ತೋಳು ಮಡಚಿ, ನೇರ ಹಿಂದೆ ಹೋಗಿ ಗ್ಲಾಸು ತೊಳೆಯತೊಡಗಿದ. "ಮಾರಾಯ" ಎಂದದ್ದು ಅವನಲ್ಲ, ಗಿರಾಕಿ ಎಂದು ಯಾರೂ ಹೇಳಲಿಲ್ಲ. ಸಂಜೆಯ ಚಹಾಕ್ಕೆ ಜನ ತುಂಬುವ ಹೊತ್ತು, ನಾನೂ ತಡೆಯಲಿಲ್ಲ.