ಮಡಿವಾಳೆಪ್ಪನ ಥ್ರಾಟಲ್ ಬಾಡಿ

ತಿರ್ಲಾಪುರದ ಮಡಿವಾಳೆಪ್ಪ ತಿಂಗಳಿಗೊಮ್ಮೆ ತನ್ನ ಹಳೆಯ ಕಾರಿನ ಬಾನೆಟ್ ಎತ್ತಿ, ಎಂಜಿನ್ನಿಗೆ ಗಾಳಿ ಒಳಬಿಡುವ ಥ್ರಾಟಲ್ ಬಾಡಿಯನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟುಕೊಂಡು ಕೂತನೆಂದರೆ ಚಹಾ ಆರಿದರೂ ಏಳುವುದಿಲ್ಲ. ಕ್ಲೀನರ್ ಹೊಡೆದು, ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಮಸಿಯನ್ನು ಕೊರಳ ಲಿಂಗ ಒರೆಸುವಷ್ಟು ಭಕ್ತಿಯಿಂದ ತೆಗೆಯುತ್ತಾನೆ. “ಗ್ಯಾರೇಜಿಗೆ ಕೊಡಬಾರದೇನ್ರಿ?” ಎಂದು ಹೆಂಡತಿ ರೇವವ್ವ ಕೇಳಿದರೆ, “ಅವ್ರು ಮ್ಯಾಲಮ್ಯಾಲ ಒರಸ್ತಾರ” ಎನ್ನುತ್ತಾನೆ. ಎರಡು ವರ್ಷದ ಹಿಂದೆ ನೆರೆಮನೆಯ ಅರುಣಾಳನ್ನು ಹೆರಿಗೆಗೆ ನವಲಗುಂದದ ಆಸ್ಪತ್ರೆಗೆ ಒಯ್ಯುವಾಗ, ಇದೇ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿ ಕಾರು ದಾರಿಯಲ್ಲಿ ಮೂರು ಸಲ ನಿಂತಿತ್ತು. ಅವಳು ಹಿಂದಿನ ಸೀಟಿನಲ್ಲೇ ಹೆತ್ತಳು; ಕೂಸು ಉಳಿಯಲಿಲ್ಲ. ಯಾರೂ ಅವನನ್ನು ಬೈಯಲಿಲ್ಲ. ಈಗ ಅರುಣಾಳಿಗೆ ಮತ್ತೆ ಒಂಬತ್ತು ತಿಂಗಳು. ಇಂದು ಅದನ್ನು ಮರಳಿ ಜೋಡಿಸಿ ಕೀಲಿ ತಿರುಗಿಸಿದಾಗ ಎಂಜಿನ್ ಒಂದೇ ಸಮ ಓಡಿತು. ಹೆರಿಗೆಗೆ ಹೋಗಲು ಬೇರೆ ಗಾಡಿ ಹೇಳಲೇ ಎಂದು ಅವನು ತಡವರಿಸುತ್ತ ಕೇಳಿದ್ದಕ್ಕೆ, ಬಾಗಿಲಲ್ಲಿ ನಿಂತಿದ್ದ ಅರುಣಾ ಅಂದಳು: “ಬ್ಯಾಡ ಕಾಕಾ, ನಿಮ್ಮ ಗಾಡ್ಯಾಗನ ಹೋಗೂಣು.”